ಅಜ್ಜನ ಹೆಸರು ಬಿಡಿ, ಮೊದಲು ಹಡಗಿನ ಹೆಸರು ಹುಡುಕಿ

ನಮ್ಮಮ್ಮನ ಅಪ್ಪ ಹಡಗಿನಲ್ಲಿ ಭಂಡಾರಿ ಆಗಿದ್ದರು. ಅಂದರೆ ಅಡುಗೆಯವರು. ಹೊನ್ನಾವರದ ಮನೆಯ ಜಗಲಿಯಲ್ಲಿ ಅವರ ಒಂದು ಫೋಟೊ ಇನ್ನೂ ಇದೆ. ಬಿಳಿ ಅಂಗಿ, ಎಣ್ಣೆ ಹಚ್ಚಿ ಬಾಚಿದ ತಲೆ. ಹಿಂದೆ ತೂಗುಹಾಕಿದ, ನೀರಿನಲ್ಲಿ ತೇಲುವ ಬಳೆಯಂಥ ಲೈಫ್‌ಬಾಯ್ ಮೇಲೆ ಇಂಗ್ಲಿಷಿನಲ್ಲಿ 'ಕರಂಜಾ' ಎಂಬ ಹೆಸರು. ಹತ್ತು ವರ್ಷದ ಹಿಂದೆ ಆ ಹೆಸರನ್ನು ಇಂಟರ್‌ನೆಟ್‌ನಲ್ಲಿ ಹುಡುಕಿದೆ. 1942ರ ನವೆಂಬರ್ 12ರಂದು ಅಲ್ಜೀರಿಯಾದ ಬೂಜಿ ಬಂದರಿನ ಹತ್ತಿರ ಬಾಂಬು ಬಿದ್ದು ಮುಳುಗಿದ ಹಡಗು ಅಂತ ಬಂತು. ಆಮೇಲೆ ಕೇಳಬೇಕಾ? ಅಜ್ಜ ಉರಿಯುವ ಹಡಗಿನಿಂದ ಹಾರಿ ಈಜಿ ಬದುಕಿದ ಕತೆಯನ್ನು ನಾನೇ ಕಟ್ಟಿದೆ. ಮದುವೆ ಮನೆಗಳಲ್ಲಿ ಹೇಳಿಕೊಂಡು ತಿರುಗಿದೆ.

ಒಂದು ದಿನ ಟ್ರಂಕಿನ ತಳದಲ್ಲಿ ಅಜ್ಜನ ಸಿಡಿಸಿ ಪುಸ್ತಕ ಸಿಕ್ಕಿತು. ಅಂದರೆ ನಾವಿಕರ ಕೆಲಸದ ದಾಖಲೆ ಪುಸ್ತಕ. ಹುಟ್ಟಿದ ವರ್ಷ 1931. ಹಡಗು ಮುಳುಗಿದಾಗ ಅಜ್ಜನಿಗೆ ಹನ್ನೊಂದು ವರ್ಷ, ಶಾಲೆ ತಪ್ಪಿಸಿ ಶರಾವತಿಯಲ್ಲಿ ಗಾಳ ಹಾಕುವ ವಯಸ್ಸು.

ಕರಂಜಾ ಎರಡಿದ್ದವು. ಎರಡೂ ಬ್ರಿಟಿಷ್ ಇಂಡಿಯಾ ಎಂಬ ಹಡಗು ಕಂಪನಿಯವು, ಎರಡನ್ನೂ ಕಟ್ಟಿದ್ದು ಗ್ಲ್ಯಾಸ್ಗೋದಲ್ಲಿ. ಮೊದಲನೆಯದು 1931ರದ್ದು, ಯುದ್ಧದಲ್ಲಿ ಹೋಯಿತು. ಎರಡನೆಯದು 1948ರದ್ದು. ಮುಂಬೈಯಿಂದ ಪೂರ್ವ ಆಫ್ರಿಕಾಕ್ಕೆ ಓಡಾಡುತ್ತಿದ್ದದ್ದು ಅದೇ, ನಮ್ಮಜ್ಜ ಸಾಂಬಾರು ಕುದಿಸಿದ್ದೂ ಅದರಲ್ಲೇ. ನಾನು ಮಾಡಿದ ತಪ್ಪು ನೀವು ಮಾಡಬಾರದು ಅಂತ ಇದನ್ನು ಬರೆಯುತ್ತಿದ್ದೇನೆ.

ಮೊದಲೇ ಒಂದು ಮಾತು. ನಮ್ಮ ಕರಾವಳಿಯಿಂದ ಹಡಗು ಹತ್ತಿದವರ ಹೆಸರು ಹಳೆಯ ಪೇಪರಿನಲ್ಲಿ ಸಿಗುವುದು ತೀರಾ ಅಪರೂಪ. ಕ್ಯಾಪ್ಟನ್ ಹೆಸರು ಬರುತ್ತದೆ. ಮೇಲ್ದರ್ಜೆಯ ಬಿಳಿಯ ಪ್ರಯಾಣಿಕರ ಹೆಸರು ಹೆಂಡತಿ ಮಕ್ಕಳ ಸಮೇತ ಬರುತ್ತದೆ. ನಮ್ಮವರು 'ಅರವತ್ತು ಲಸ್ಕರ್‌ಗಳು' ಅಂತ ಲೆಕ್ಕದಲ್ಲಷ್ಟೇ ಬರುತ್ತಾರೆ. ಲಸ್ಕರ್ ಅಂದರೆ ಭಾರತದ ಕಡೆಯ ನಾವಿಕ. ಆದರೆ ಹಡಗಿನ ಹೆಸರು ಪ್ರತಿ ವಾರ ಬರುತ್ತದೆ. ಎಲ್ಲಿಂದ ಹೊರಟಿತು, ಎಲ್ಲಿ ಮುಟ್ಟಿತು, ಎಷ್ಟು ದಿನ ತಡವಾಯಿತು, ಎಲ್ಲವೂ. ಅಜ್ಜ ಯಾವ ಹಡಗಿನಲ್ಲಿದ್ದರು ಅಂತ ಖಚಿತವಾದರೆ ಆ ಹಡಗಿನ ದಿನಚರಿಯೇ ಅಜ್ಜನ ದಿನಚರಿ.

ಮನೆಯಿಂದ ಶುರು ಮಾಡಿ

ಕಂಪ್ಯೂಟರ್ ಮುಂದೆ ಕೂರುವ ಮೊದಲು ಟ್ರಂಕು, ಅಟ್ಟ, ದೇವರ ಪೆಟ್ಟಿಗೆ ನೋಡಿ. ಸಿಡಿಸಿ ಪುಸ್ತಕ ಸಿಕ್ಕರೆ ಅರ್ಧ ಕೆಲಸ ಮುಗಿದಂತೆ. ಅದರಲ್ಲಿ ಹಡಗಿನ ಹೆಸರು, ಹತ್ತಿದ ದಿನ, ಇಳಿದ ದಿನ, ಕೆಲಸದ ದರ್ಜೆ ಇರುತ್ತವೆ. ಪುಸ್ತಕ ಇಲ್ಲದಿದ್ದರೆ ಹಳೆಯ ಕಾಗದಗಳ ಅಂಚೆ ಮುದ್ರೆ ನೋಡಿ. ಫೋಟೊದ ಬೆನ್ನು ತಿರುಗಿಸಿ ನೋಡಿ. ನಮ್ಮಜ್ಜನ ಫೋಟೊದ ಹಿಂದೆ ಮೊಂಬಾಸಾದ ಸ್ಟುಡಿಯೊ ಒಂದರ ಮುದ್ರೆ ಇತ್ತು. ನಾನದನ್ನು ಎಂಟು ವರ್ಷ ತಿರುಗಿಸಿಯೇ ನೋಡಿರಲಿಲ್ಲ. ಚೌಕಟ್ಟಿನಿಂದ ತೆಗೆಯಲು ಸೋಮಾರಿತನ.

ಹಿರಿಯರ ಹತ್ತಿರ 'ಯಾವ ಹಡಗು?' ಅಂತ ನೇರ ಕೇಳಿದರೆ 'ಅದೆಲ್ಲ ನೆನಪಿಲ್ಲ ಮಾರಾಯಾ' ಅಂತಾರೆ. ಬೇರೆ ಥರ ಕೇಳಿ. ಅಜ್ಜ ಯಾವ ತಿಂಗಳು ಮನೆಗೆ ಬರುತ್ತಿದ್ದರು? ಏನು ತರುತ್ತಿದ್ದರು? ಮುಂಬೈಯಲ್ಲಿ ಎಲ್ಲಿ ಉಳಿಯುತ್ತಿದ್ದರು, ಜೊತೆಗೆ ಊರಿನವರು ಯಾರಿದ್ದರು? ಲವಂಗದ ಚೀಲ ಬರುತ್ತಿತ್ತು ಅಂದರೆ ಜಾಂಜಿಬಾರ್ ಕಡೆ ನೋಡಬಹುದು.

ಹೆಸರಿನ ತುಂಡು ಸಿಕ್ಕರೂ ಸಾಕು. ಕಂಪನಿಗಳಿಗೆ ಹೆಸರಿಡುವ ರೂಢಿ ಇತ್ತು. ಬ್ರಿಟಿಷ್ ಇಂಡಿಯಾದವರ ಹೆಸರುಗಳು ಸಾಮಾನ್ಯವಾಗಿ 'ಆ' ಅಕ್ಷರದಲ್ಲಿ ಮುಗಿಯುತ್ತವೆ: ಕರಂಜಾ, ಕಂಪಾಲಾ, ದ್ವಾರಕಾ, ತಿಲಾವಾ. 'ಜಲ' ಅಂತ ಶುರುವಾದರೆ ಸಿಂಧಿಯಾ ಕಂಪನಿ ಇರಬಹುದು. 1948ರಲ್ಲಿ ವಿಶಾಖಪಟ್ಟಣದಲ್ಲಿ ನೀರಿಗಿಳಿದ 'ಜಲ ಉಷಾ' ಅವರದ್ದೇ. 'ಸಿಟಿ ಆಫ್' ಅಂತಿದ್ದರೆ ಎಲರ್ಮನ್, 'ಕ್ಲಾನ್' ಅಂತಿದ್ದರೆ ಕ್ಲಾನ್ ಲೈನ್. ಹಜ್ ಯಾತ್ರಿಗಳನ್ನು ಒಯ್ಯುತ್ತಿದ್ದರು ಅಂದರೆ ಮೊಗಲ್ ಲೈನ್ ನೋಡಿ. ನಮ್ಮ ನೆರೆಮನೆಯ ಅಜ್ಜಿ ಗಂಡನ ಕಂಪನಿಯನ್ನು 'ಕಲಾನಿ' ಅನ್ನುತ್ತಿದ್ದರು. ಯಾವುದೋ ಕಾಲೊನಿ ಅಂತ ನಾವೆಲ್ಲ ತಿಳಿದಿದ್ದೆವು.

ಯಾವ ಕರಂಜಾ ಅಂತ ಖಚಿತ ಮಾಡಿಕೊಳ್ಳಿ

ಹಡಗು ಮುದಿಯಾಗಿ ಒಡೆದಮೇಲೆ ಕಂಪನಿಗಳು ಅದೇ ಹೆಸರನ್ನು ಹೊಸ ಹಡಗಿಗೆ ಇಡುತ್ತಿದ್ದವು, ನಾವು ಮೊಮ್ಮಗನಿಗೆ ಅಜ್ಜನ ಹೆಸರಿಟ್ಟ ಹಾಗೆ. ಇನ್ನೊಂದು ಕಡೆ, ಹಡಗು ಮಾರಿದಾಗ ಹೆಸರೇ ಬದಲಾಗುತ್ತದೆ. ಎರಡನೆಯ ಕರಂಜಾವನ್ನು 1976ರಲ್ಲಿ ಶಿಪ್ಪಿಂಗ್ ಕಾರ್ಪೊರೇಷನ್ ಆಫ್ ಇಂಡಿಯಾ ಕೊಂಡು 'ನಾನ್‌ಕೌರಿ' ಅಂತ ಕರೆಯಿತು. ಹಾಗಾಗಿ ಬರೀ ಹೆಸರು ನಂಬಬೇಡಿ.

ನಂಬಬೇಕಾದದ್ದು ಅಫಿಶಿಯಲ್ ನಂಬರ್. 1855ರಿಂದ ಬ್ರಿಟಿಷ್ ನೋಂದಣಿಯ ಪ್ರತಿ ಹಡಗಿಗೆ ಒಂದು ನಂಬರ್ ಕೊಟ್ಟರು. ಹೆಸರು ಬದಲಾದರೂ, ಮಾಲೀಕರು ಬದಲಾದರೂ, ಆ ನೋಂದಣಿಯಲ್ಲಿ ಇರುವತನಕ ನಂಬರ್ ಅದೇ. ಮುಂಬೈ, ಕೋಲ್ಕತ್ತಾಗಳಲ್ಲಿ ನೋಂದಾಯಿಸಿದ ಹಡಗುಗಳಿಗೂ ಇತ್ತು. ಅದನ್ನು ಹುಡುಕಲು ಕ್ರೂ ಲಿಸ್ಟ್ ಇಂಡೆಕ್ಸ್ ಪ್ರಾಜೆಕ್ಟ್ ಎಂಬ ಬ್ರಿಟನ್ನಿನ ಜಾಲತಾಣ ಇದೆ, ಪುಕ್ಕಟೆ. ಹೆಸರು ಕೊಟ್ಟರೆ ಅದೇ ಹೆಸರಿನ ಎಲ್ಲ ಹಡಗುಗಳನ್ನೂ ಸಾಲಾಗಿ ತೋರಿಸುತ್ತದೆ. ಜೊತೆಗೆ 1764ರಿಂದ ಬರುತ್ತಿರುವ ಲಾಯ್ಡ್ಸ್ ರಿಜಿಸ್ಟರ್ ಇದೆ. ಹಡಗಿನ ಟನ್ನಿನ ಅಳತೆ, ಕಟ್ಟಿದ ವರ್ಷ, ಮಾಲೀಕರು ಎಲ್ಲ ಅದರಲ್ಲಿ ಇವೆ. ಹಳೆಯ ಸಂಪುಟಗಳನ್ನು ಇಂಟರ್‌ನೆಟ್ ಆರ್ಕೈವ್‌ನಲ್ಲಿ ಸುಮ್ನೆ ತೆರೆದು ಓದಬಹುದು.

ಜನ ಕರೆಯುವ ಹೆಸರು ಬೇರೆ, ಕಾಗದದ ಹೆಸರು ಬೇರೆ ಇರುವುದೂ ಉಂಟು. 1888ರ ನವೆಂಬರಿನಲ್ಲಿ ಕಛ್‌ನ ಮಾಂಡವಿಯಿಂದ ಮುಂಬೈಗೆ ಹೊರಟು ಸೌರಾಷ್ಟ್ರದ ಕರಾವಳಿಯಲ್ಲಿ ಬಿರುಗಾಳಿಗೆ ಸಿಕ್ಕಿ ಮಾಯವಾದ ಹಡಗನ್ನು ಗುಜರಾತಿನವರು ಇವತ್ತಿಗೂ 'ವೀಜಳಿ' ಅಂತಾರೆ. ಒಳಗೆಲ್ಲ ವಿದ್ಯುತ್ ದೀಪ ಇತ್ತು, ಅದಕ್ಕೇ ಆ ಹೆಸರು. ನೋಂದಣಿಯಲ್ಲಿ ಅದು 'ವೈತರಣಾ'. ಇಂಗ್ಲಿಷ್ ಪೇಪರಿನಲ್ಲಿ ವೀಜಳಿ ಅಂತ ಹುಡುಕುತ್ತ ಕೂತರೆ ರಾತ್ರಿ ಬೆಳಗಾಗುತ್ತದೆ ಅಷ್ಟೆ.

ಯಾವ ಪೇಪರ್ ನೋಡಬೇಕು?

ಹಡಗು ಹೋದ ಕಡೆಯ ಪೇಪರ್ ನೋಡಿ, ಊರಿನದ್ದಲ್ಲ. ಮೊದಮೊದಲು ನನಗೆ ಇದು ಹೊಳೆದಿರಲಿಲ್ಲ.

ಪುಕ್ಕಟೆ ಸಿಗುವವುಗಳಿಂದ ಶುರು ಮಾಡಿ. ಆಸ್ಟ್ರೇಲಿಯಾದ ರಾಷ್ಟ್ರೀಯ ಗ್ರಂಥಾಲಯದ 'ಟ್ರೋವ್' ನನಗೆ ಎಲ್ಲಕ್ಕಿಂತ ಇಷ್ಟ. ಹೆಚ್ಚಿನ ಪೇಪರುಗಳು 1954ರವರೆಗೆ ಇವೆ. ಕಂಪ್ಯೂಟರ್ ತಪ್ಪು ಓದಿದ ಅಕ್ಷರಗಳನ್ನು ಓದುಗರೇ ತಿದ್ದಬಹುದು. ನ್ಯೂಜಿಲ್ಯಾಂಡಿನದು 'ಪೇಪರ್ಸ್ ಪಾಸ್ಟ್'. ಸಿಂಗಪುರದ 'ನ್ಯೂಸ್‌ಪೇಪರ್‌ಎಸ್‌ಜಿ'ಯಲ್ಲಿ 1845ರಿಂದ ಸ್ಟ್ರೇಟ್ಸ್ ಟೈಮ್ಸ್ ಇದೆ. ಪಿ ಅಂಡ್ ಓ ಕಂಪನಿಯ ಹಡಗುಗಳು ಸಿಡ್ನಿಗೆ ಹೋಗುತ್ತಿದ್ದವು, ಅದರಲ್ಲಿ ನಮ್ಮ ಕರಾವಳಿಯವರು, ಗೋವಾದವರು ಇರುತ್ತಿದ್ದರು. ಹಾಗಾಗಿ ಮುಂಬೈ ಪೇಪರಿನಲ್ಲಿ ಸಿಗದ್ದು ಸಿಡ್ನಿ ಪೇಪರಿನಲ್ಲಿ ಸಿಗಬಹುದು.

ಟೈಮ್ಸ್ ಆಫ್ ಇಂಡಿಯಾ 1838ರಲ್ಲಿ 'ಬಾಂಬೆ ಟೈಮ್ಸ್' ಅಂತ ಶುರುವಾದದ್ದು. ಅದರ ಹಳೆಯ ಸಂಚಿಕೆಗಳು ಪ್ರೋಕ್ವೆಸ್ಟ್ ಎಂಬ ದುಡ್ಡಿನ ಸೇವೆಯಲ್ಲಿವೆ. ಮನೆಯಿಂದ ಕೊಳ್ಳಲು ಹೋಗಬೇಡಿ. ಕಾಲೇಜಿನಲ್ಲಿ ಓದುವ ಮಗನೋ ಸೋದರ ಸೊಸೆಯೋ ಇದ್ದರೆ ಅವರ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಚಂದಾ ಇದೆಯೇ ಕೇಳಿ. ಬ್ರಿಟಿಷ್ ನ್ಯೂಸ್‌ಪೇಪರ್ ಆರ್ಕೈವ್‌ನಲ್ಲಿ ಹುಡುಕುವುದು ಪುಕ್ಕಟೆ, ಹೆಚ್ಚಿನ ಪುಟ ತೆರೆಯಲು ದುಡ್ಡು. ಅಲ್ಲಿ 'ಹೋಮ್‌ವರ್ಡ್ ಮೇಲ್' ಎಂಬ ಪತ್ರಿಕೆ ನೋಡಿ. ಭಾರತದ ಸುದ್ದಿಯನ್ನು ಬ್ರಿಟನ್ನಿನವರಿಗೆ ಕೊಡಲೆಂದೇ ಇದ್ದದ್ದು, ಹಡಗಿನ ಸುದ್ದಿ ಜಾಸ್ತಿ. ನನ್ನ ಉಪಾಯ ಹೀಗೆ: ಹುಡುಕಿ ಬಂದದ್ದನ್ನೆಲ್ಲ ಪಟ್ಟಿ ಮಾಡಿಟ್ಟುಕೊಳ್ಳುತ್ತೇನೆ. ಪಟ್ಟಿ ಉದ್ದವಾದಮೇಲೆ ಒಂದೇ ತಿಂಗಳ ಚಂದಾ ಕಟ್ಟಿ ಎಲ್ಲವನ್ನೂ ಇಳಿಸಿಕೊಳ್ಳುತ್ತೇನೆ.

ಕನ್ನಡ ಪತ್ರಿಕೆಗಳಲ್ಲಿ ಏನಿಲ್ಲವಾ? 1843ರ ಜುಲೈ 1ರಂದು ಮಂಗಳೂರಿನಲ್ಲಿ ಹರ್ಮನ್ ಮೋಗ್ಲಿಂಗ್ ತಂದ ಮಂಗಳೂರು ಸಮಾಚಾರದಿಂದಲೇ ನಮ್ಮ ಪತ್ರಿಕೆಗಳ ಲೆಕ್ಕ ಶುರು. ಓದಲು ಬಲು ರುಚಿ. ಆದರೆ ದಿನದಿನದ ಹಡಗಿನ ಲೆಕ್ಕಕ್ಕೆ ಇಂಗ್ಲಿಷ್ ಪೇಪರೇ ಬೇಕು.

ನಮ್ಮ ಕಡೆಯವರು ಇನ್ನೊಂದು ತಿಳಿದಿರಬೇಕು. 1862ರಲ್ಲಿ ಉತ್ತರ ಕನ್ನಡ ಮದ್ರಾಸ್ ಪ್ರಾಂತ್ಯದಿಂದ ಮುಂಬೈ ಪ್ರಾಂತ್ಯಕ್ಕೆ ಹೋಯಿತು. ದಕ್ಷಿಣ ಕನ್ನಡ ಮದ್ರಾಸಿನಲ್ಲೇ ಉಳಿಯಿತು. ಹಾಗಾಗಿ ಕಾರವಾರ, ಕುಮಟಾದ ಸರಕಾರಿ ಸುದ್ದಿಗೆ 1862ರ ನಂತರ ಮುಂಬೈ ಪೇಪರ್, ಮಂಗಳೂರಿನದ್ದಕ್ಕೆ ಮದ್ರಾಸ್ ಪೇಪರ್.

ಊರಿನ ಹೆಸರನ್ನು ಅವರ ಕಿವಿಯಿಂದ ಕೇಳಿ

ಈಗಿನ ಸ್ಪೆಲ್ಲಿಂಗ್‌ನಲ್ಲಿ ಹುಡುಕಿದರೆ ಸಿಗುವುದು ಕಮ್ಮಿ. ಕಾರವಾರಕ್ಕೆ ಕೆ ಬದಲು ಸಿ ಹಾಕಿ. ಕುಮಟಾ ಅವರಿಗೆ ಸಿ-ಒ-ಒ-ಎಂ-ಪಿ-ಟಿ-ಎ. ಹೊನ್ನಾವರ 'ಒನೋರ್', ಅದರ ಶುರುವಿಗೆ ಎಚ್ ಇದ್ದರೂ ಇತ್ತು, ಇಲ್ಲದಿದ್ದರೆ ಇಲ್ಲ. ಸದಾಶಿವಗಡ 'ಸೆದಾಶೆಗರ್'. 1860ರ ದಶಕದ ಪೇಪರುಗಳಲ್ಲಿ ಈ ಕುಮಟಾ, ಸದಾಶಿವಗಡಗಳು ಎಷ್ಟು ಸಲ ಬರುತ್ತವೆ ಅಂದರೆ ನಮ್ಮೂರು ಲಂಡನ್ನಿನ ಪಕ್ಕದಲ್ಲೇ ಇದೆಯೇನೋ ಅನ್ನಿಸುತ್ತದೆ. ಕಾರಣ ಹತ್ತಿ. ಅಮೆರಿಕದಲ್ಲಿ 1861ರಿಂದ 1865ರವರೆಗೆ ಅಂತರ್ಯುದ್ಧ ನಡೆದು ಹತ್ತಿ ಬರುವುದು ನಿಂತಿತ್ತು. ಧಾರವಾಡ ಸೀಮೆಯ ಹತ್ತಿ ಘಟ್ಟ ಇಳಿದು ಕುಮಟಾದಲ್ಲಿ ಹಡಗು ಹತ್ತುತ್ತಿತ್ತು. ನಿಮ್ಮ ಮುತ್ತಜ್ಜ ಆ ಕಾಲದ ಪತ್ತೇಮಾರಿ ಎಂಬ ಹಾಯಿಹಡಗಿನ ತಾಂಡೇಲ, ಅಂದರೆ ಅದನ್ನು ನಡೆಸುವವರು ಆಗಿದ್ದರೆ, ಅವರ ಸರಕು ಪೇಪರಿನ ವ್ಯಾಪಾರದ ಪುಟದಲ್ಲಿ 'ಕೂಮ್ಟಾ ಹತ್ತಿ' ಅಂತ ಬೆಲೆ ಸಮೇತ ಕೂತಿರುತ್ತದೆ.

ಹಡಗಿನ ಹೆಸರನ್ನು ಹುಡುಕುವಾಗಲೂ ಅಷ್ಟೆ. ಹಳೆಯ ಅಚ್ಚನ್ನು ಯಂತ್ರ ಓದುವಾಗ ಆರ್ ಮತ್ತು ಎನ್ ಸೇರಿ ಎಂ ಆಗುತ್ತದೆ, ಸಿ ಹೋಗಿ ಇ ಆಗುತ್ತದೆ. ಹೆಸರು ಸಿಗದಿದ್ದರೆ ಕ್ಯಾಪ್ಟನ್ ಹೆಸರು ಹಾಕಿ, ಬಂದರಿನ ಹೆಸರು ಹಾಕಿ, ದಿನಾಂಕವನ್ನು ಒಂದು ತಿಂಗಳಿಗೆ ಕಟ್ಟಿಹಾಕಿ. ಅದೂ ಆಗದಿದ್ದರೆ ಹುಡುಕುವುದನ್ನು ಬಿಟ್ಟು ಪುಟವನ್ನೇ ತೆರೆದು ಕಣ್ಣಾಡಿಸಿ. ಹಡಗಿನ ಸುದ್ದಿ ಸಾಮಾನ್ಯವಾಗಿ ಒಂದೇ ಜಾಗದಲ್ಲಿ ಬರುತ್ತದೆ, ಎರಡು ದಿನ ನೋಡಿದರೆ ಕಣ್ಣಿಗೆ ಅಭ್ಯಾಸ ಆಗಿಬಿಡುತ್ತದೆ.

ಆ ಸಣ್ಣ ಅಕ್ಷರದ ಅಂಕಣ ಓದುವುದು ಹೇಗೆ?

ಅಂಕಣದ ಹೆಸರು 'ಶಿಪ್ಪಿಂಗ್ ಇಂಟೆಲಿಜೆನ್ಸ್'. ಬಂದವು, ಹೋದವು, ಬಂದರಿನಲ್ಲಿ ನಿಂತವು ಅಂತ ಭಾಗಗಳಿರುತ್ತವೆ. ಮೊದಲು ದಿನ, ಆಮೇಲೆ ಹಡಗಿನ ಜಾತಿ, ಹೆಸರು, ಟನ್ನು, ಕ್ಯಾಪ್ಟನ್, ಎಲ್ಲಿಂದ. ಎಸ್‌.ಎಸ್. ಅಂದರೆ ಉಗಿಹಡಗು. ಬಾರ್ಕ್, ಬ್ರಿಗ್, ಸ್ಕೂನರ್ ಎಲ್ಲ ಹಾಯಿ ಹಡಗಿನ ಬಗೆಗಳು.

ನಾನು ಎಡವಿದ್ದು ಮೂರು ಚೋಟು ಪದಗಳಲ್ಲಿ. 'ಇನ್‌ಸ್ಟ್' ಅಂದರೆ ಈ ತಿಂಗಳು, 'ಅಲ್ಟ್' ಅಂದರೆ ಹೋದ ತಿಂಗಳು, 'ಪ್ರಾಕ್ಸ್' ಅಂದರೆ ಬರುವ ತಿಂಗಳು. ಮಾರ್ಚ್ 3ರ ಪೇಪರಿನಲ್ಲಿ '28 ಅಲ್ಟ್' ಅಂತಿದ್ದರೆ ಫೆಬ್ರುವರಿ 28. ಇದನ್ನು ತಪ್ಪಿಸಿಕೊಂಡರೆ ಇಡೀ ಲೆಕ್ಕ ಒಂದು ತಿಂಗಳು ಜಾರುತ್ತದೆ.

'ಸ್ಪೋಕನ್' ಎಂಬ ಪದ ಕಂಡರೆ ಬಿಡಬೇಡಿ. ನಡುಗಡಲಿನಲ್ಲಿ ಎರಡು ಹಡಗು ಎದುರಾದಾಗ ಬಾವುಟದಲ್ಲಿ ಮಾತಾಡಿಕೊಳ್ಳುತ್ತಿದ್ದವು. ಮೊದಲು ದಡ ಸೇರಿದವರು ಇನ್ನೊಬ್ಬರ ಸುದ್ದಿಯನ್ನು ಪೇಪರಿಗೆ ಕೊಡುತ್ತಿದ್ದರು: ಇಂಥ ಅಕ್ಷಾಂಶ, ಇಂಥ ರೇಖಾಂಶದಲ್ಲಿ ಇಂಥ ಹಡಗು ಕಂಡೆವು, ಎಲ್ಲ ಕ್ಷೇಮ. ತಂತಿ ಇಲ್ಲದ ಕಾಲದಲ್ಲಿ ಮನೆಯವರಿಗೆ ಸಿಗುತ್ತಿದ್ದ ಸಮಾಧಾನ ಅಷ್ಟೇ. ಈ ನಾಲ್ಕು ಸಾಲಿನಿಂದ ನೀವು ಭೂಪಟದಲ್ಲಿ ಚುಕ್ಕೆ ಇಡಬಹುದು.

ಸುದ್ದಿ ಯಾವಾಗ ಅಚ್ಚಾಯಿತು ಎಂಬುದಕ್ಕೂ ಘಟನೆ ಯಾವಾಗ ನಡೆಯಿತು ಎಂಬುದಕ್ಕೂ ಅಂತರ ಇರುತ್ತದೆ. ಮುಂಬೈಗೆ ಸಮುದ್ರದಡಿಯ ತಂತಿ ಬಂದದ್ದು 1870ರಲ್ಲಿ. ಅದಕ್ಕೆ ಮೊದಲು ಸುದ್ದಿಯೂ ಹೆಚ್ಚಾಗಿ ಹಡಗಿನಲ್ಲೇ ಬರಬೇಕು, ಹಾಗಾಗಿ ವಾರಗಟ್ಟಲೆ, ಹಿಂದೆ ಹೋದಷ್ಟೂ ತಿಂಗಳುಗಟ್ಟಲೆ ಮುಂದಕ್ಕೆ ಹುಡುಕಿ. 1870ರ ನಂತರ ನಾಲ್ಕಾರು ದಿನದ ಪೇಪರ್ ನೋಡಿದರೂ ಸಾಕಾಗುತ್ತದೆ.

ಮಳೆಗಾಲವನ್ನೂ ಮರೆಯಬೇಡಿ. ನಮ್ಮ ಸಣ್ಣ ಬಂದರುಗಳು ಮಳೆಗಾಲದಲ್ಲಿ ಮುಚ್ಚಿಯೇ ಇರುತ್ತಿದ್ದವು. 'ಅಜ್ಜ ಆಷಾಢದಲ್ಲಿ ಕುಮಟಾದಲ್ಲಿ ಸ್ಟೀಮರ್ ಇಳಿದರು' ಅಂತ ಯಾರಾದರೂ ಹೇಳಿದರೆ ತಲೆಯಾಡಿಸಿ, ಆದರೆ ಬರೆದುಕೊಳ್ಳಬೇಡಿ.

ಜಾಹೀರಾತು ನೋಡುವುದನ್ನು ಹೆಚ್ಚಿನವರು ಮರೆಯುತ್ತಾರೆ. ನನಗೆ ಎಲ್ಲಕ್ಕಿಂತ ಉಪಯೋಗಕ್ಕೆ ಬಂದದ್ದು ಅದೇ. ಕಂಪನಿಗಳು ಮುಂದಿನ ಯಾನಗಳ ಪಟ್ಟಿಯನ್ನು ಪೇಪರಿನಲ್ಲಿ ಹಾಕುತ್ತಿದ್ದವು. ಮುಂಬೈ ಬಿಟ್ಟು ಸೀಶೆಲ್ಸ್, ಮೊಂಬಾಸಾ, ಜಾಂಜಿಬಾರ್, ದಾರ್-ಎಸ್-ಸಲಾಂ ದಾಟಿ ಡರ್ಬನ್ ತನಕ ಕರಂಜಾದ ದಾರಿ ಹಾಗೆ ಕಣ್ಮುಂದೆ ಬಂತು. ಆದರೆ ಜಾಹೀರಾತಿನ ದಿನಾಂಕ ಅವರ ಅಂದಾಜು ಮಾತ್ರ. ಹೊರಟ ದಿನವನ್ನು 'ಹೋದವು' ಭಾಗದಲ್ಲಿ ತಾಳೆ ನೋಡಲೇಬೇಕು.

ನಮ್ಮವರ ಹೆಸರು ಬರುವ ಜಾಗಗಳು

ಕೋರ್ಟು. ಬೇಸರದ ಮಾತು, ಆದರೆ ನಿಜ. ಮೂವತ್ತು ವರ್ಷ ಸರಿಯಾಗಿ ದುಡಿದ ಸಾರಂಗನ, ಅಂದರೆ ನಾವಿಕರ ಮೇಸ್ತ್ರಿಯ ಹೆಸರು ಪೇಪರಿನಲ್ಲಿ ಬರುವುದಿಲ್ಲ. ಒಂದು ದಿನ ಹಡಗು ಬಂಡೆಗೆ ತಾಗಿ ವಿಚಾರಣೆ ನಡೆದರೆ ಅವನ ಸಾಕ್ಷಿ ಹೆಸರು ಸಮೇತ ಅಚ್ಚಾಗುತ್ತದೆ. ಜಗಳ, ಸರಕು ಕಳವು, ಹಡಗು ಬಿಟ್ಟು ಓಡಿದ್ದು, ಇವುಗಳಲ್ಲೂ ಹಾಗೆಯೇ. 1939ರ ಕೊನೆಯಲ್ಲಿ ಯುದ್ಧ ಶುರುವಾದಾಗ ಭಾರತೀಯ ನಾವಿಕರು ಬ್ರಿಟನ್ನಿನ ಬಂದರುಗಳಲ್ಲಿ ಸಂಬಳ ಹೆಚ್ಚಿಸಿ ಅಂತ ಮುಷ್ಕರ ಹೂಡಿದರು, ಕೆಲವರು ಜೈಲಿಗೂ ಹೋದರು. ಅಜ್ಜ ಜೈಲು ಕಂಡಿದ್ದರು ಅಂತ ಮನೆಯಲ್ಲಿ ಪಿಸುಮಾತಿದ್ದರೆ ನಾಚಿಕೆ ಪಡಬೇಡಿ, ಆ ತಿಂಗಳುಗಳ ಪೇಪರ್ ನೋಡಿ.

ಪೇಪರಿನ ಪಕ್ಕದಲ್ಲೇ ಇಟ್ಟುಕೊಳ್ಳಬೇಕಾದ ಪಟ್ಟಿಗಳು ಕೆಲವು ಇವೆ. 1845ರಿಂದ 1922ರವರೆಗೆ ಸಿಡ್ನಿಗೆ ಬಂದ ಹಡಗುಗಳ ಸಿಬ್ಬಂದಿ ಪಟ್ಟಿಗಳನ್ನು 'ಮರಿನರ್ಸ್ ಅಂಡ್ ಶಿಪ್ಸ್ ಇನ್ ಆಸ್ಟ್ರೇಲಿಯನ್ ವಾಟರ್ಸ್' ಎಂಬ ತಾಣದಲ್ಲಿ ಸ್ವಯಂಸೇವಕರು ಬೆರಳಚ್ಚು ಮಾಡಿ ಹಾಕಿದ್ದಾರೆ. ಲಸ್ಕರ್‌ಗಳ ಹೆಸರು ಅಲ್ಲಿ ಸಿಗುತ್ತದೆ. ಲಂಡನ್ನಿನ ಗ್ರೀನಿಚ್‌ನ ನ್ಯಾಷನಲ್ ಮ್ಯಾರಿಟೈಮ್ ಮ್ಯೂಸಿಯಂ 1915ರ ಸಿಬ್ಬಂದಿ ಪಟ್ಟಿಗಳನ್ನು ಪುಕ್ಕಟೆ ಇಟ್ಟಿದೆ. ನ್ಯೂಯಾರ್ಕಿಗೆ ಹೋದ ಹಡಗಾದರೆ ವಂಶಾವಳಿ ಹುಡುಕುವ ತಾಣ ಫ್ಯಾಮಿಲಿಸರ್ಚ್‌ನಲ್ಲಿ ಸಿಬ್ಬಂದಿಯ ಪಟ್ಟಿ ನೋಡಿ. ಕೆನಡಾದ ನ್ಯೂಫೌಂಡ್‌ಲ್ಯಾಂಡಿನ ಮ್ಯಾರಿಟೈಮ್ ಹಿಸ್ಟರಿ ಆರ್ಕೈವ್‌ನಲ್ಲಿ 1863ರಿಂದ 1938ರವರೆಗಿನ ಬ್ರಿಟಿಷ್ ಸಿಬ್ಬಂದಿ ಪಟ್ಟಿಗಳ ಶೇಕಡಾ 70ರಷ್ಟು ಇವೆ. ಅಲ್ಲಿ ಕೇಳಬೇಕಾದರೆ ಅಫಿಶಿಯಲ್ ನಂಬರ್ ಬೇಕು. ಅದನ್ನು ಮೊದಲೇ ಹುಡುಕಿ ಬರೆದಿಟ್ಟುಕೊಳ್ಳಿ.

ಈ ಪಟ್ಟಿಗಳಲ್ಲಿ ಹೆಸರಿನ ಗತಿ ಕೇಳಬೇಡಿ. ಗುಮಾಸ್ತ ಕಿವಿಗೆ ಬಿದ್ದಂತೆ ಬರೆದದ್ದು. ಅಡ್ಡಹೆಸರು ಇಲ್ಲದೆ ಅಪ್ಪನ ಹೆಸರು, ಕೆಲವೊಮ್ಮೆ ಊರಿನ ಹೆಸರೇ ಅಡ್ಡಹೆಸರು. ವಯಸ್ಸು, ಊರು, ದರ್ಜೆ ಮೂರೂ ಹೊಂದಿದರೆ ಮಾತ್ರ ನಮ್ಮವರು ಅಂತ ಒಪ್ಪಿ.

ಯುದ್ಧದ ವರ್ಷಗಳು

1939ರ ಸೆಪ್ಟೆಂಬರಿನಿಂದ ಹಡಗಿನ ಅಂಕಣ ಸೊರಗಿಹೋಗುತ್ತದೆ. ಶತ್ರುವಿಗೆ ಸುದ್ದಿ ಹೋಗಬಾರದು ಅಂತ ಓಡಾಟವನ್ನು ಅಚ್ಚು ಮಾಡುತ್ತಿರಲಿಲ್ಲ. 'ತಿಲಾವಾ' ನೋಡಿ. 1942ರ ನವೆಂಬರ್ 20ರಂದು ಮುಂಬೈಯಿಂದ ಆಫ್ರಿಕಾಕ್ಕೆ ಹೊರಟಿತು, 23ರಂದು ಜಪಾನಿನ ಜಲಾಂತರ್ಗಾಮಿ ಅದನ್ನು ಮುಳುಗಿಸಿತು. ಹಡಗಿನಲ್ಲಿದ್ದ 958 ಜನರಲ್ಲಿ 280 ಜನ ಸತ್ತರು. ಬದುಕಿದವರನ್ನು ಹೊತ್ತ ನೌಕಾಪಡೆಯ ಹಡಗು 27ಕ್ಕೆ ಮುಂಬೈ ತಲುಪಿತು. ಇಂಥ ಹಡಗು ಹೊರಟ ದಿನವನ್ನು ಆ ವಾರದ ಪೇಪರಿನಲ್ಲಿ ಹುಡುಕಿ ಪ್ರಯೋಜನ ಇಲ್ಲ.

ಅಲ್ಲಿ ಬೇರೆ ಬಾಗಿಲು ತಟ್ಟಬೇಕು. ಲಂಡನ್ನಿನ ಕ್ಯೂ ಎಂಬ ಜಾಗದಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ನಲ್ಲಿ ಬಿಟಿ 389 ಎಂಬ ಸಾಲಿನಲ್ಲಿ ಯುದ್ಧಕಾಲದ ಹಡಗುಗಳ ಓಡಾಟದ ಕಾರ್ಡುಗಳಿವೆ. ಸತ್ತವರಾದರೆ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ ತಾಣದಲ್ಲಿ ಹಡಗಿನ ಹೆಸರು ಕೊಟ್ಟು ಹುಡುಕಿ. ಕೆಲವರ ಅಪ್ಪನ ಹೆಸರು, ಊರು ಕೂಡ ಬರೆದಿದೆ. ಮುಂಬೈಯ ಮಸ್ಜಿದ್ ಬಂದರ್ ಹತ್ತಿರದ ಇಂಡಿಯನ್ ಸೇಲರ್ಸ್ ಹೋಮ್‌ನಲ್ಲಿ ಎರಡೂ ಮಹಾಯುದ್ಧಗಳಲ್ಲಿ ಸಮುದ್ರದಲ್ಲೇ ಹೋದವರ ಸ್ಮಾರಕ ಇದೆ. ಎರಡನೆಯ ಯುದ್ಧದ್ದರಲ್ಲಿ ಆರು ಸಾವಿರಕ್ಕೂ ಹೆಚ್ಚು ಹೆಸರುಗಳು.

ಸಿಕ್ಕಿದ್ದನ್ನು ಜೋಡಿಸುವುದು

ಒಂದು ನೋಟ್‌ಬುಕ್ಕಿನಲ್ಲಿ ಎರಡು ಸಾಲು ಎಳೆಯಿರಿ. ಎಡಗಡೆ ಹಡಗಿನ ದಿನಗಳು, ಬಲಗಡೆ ಮನೆಯ ದಿನಗಳು: ಮದುವೆ, ಹೆರಿಗೆ, ಸಾವು, ಮನೆ ಕಟ್ಟಿದ್ದು. ಪ್ರತಿ ಸಾಲಿನ ಮುಂದೆ ಪೇಪರಿನ ಹೆಸರು, ತಾರೀಕು, ಪುಟ ಬರೆಯಿರಿ. ನಾನು ಮೊದಲ ಆರು ತಿಂಗಳು ಬರೆಯಲಿಲ್ಲ, ಆಮೇಲೆ ಅಷ್ಟನ್ನೂ ಎರಡನೇ ಸಲ ಹುಡುಕಿದೆ. ಚಿತ್ರವನ್ನು ಇಳಿಸಿಕೊಳ್ಳುವಾಗ ತುಂಡು ಸುದ್ದಿ ಮಾತ್ರ ಅಲ್ಲ, ಪುಟದ ತಲೆಬರಹವೂ ಸೇರುವಂತೆ ಇಳಿಸಿಕೊಳ್ಳಿ.

ನಮ್ಮಮ್ಮ ಹುಟ್ಟಿದ್ದು 1957ರಲ್ಲಿ. ತೊಟ್ಟಿಲು ಹಾಕುವಾಗ ಅಪ್ಪ ಇರಲಿಲ್ಲ ಅಂತ ಅವಳಿಗೆ ಈಗಲೂ ಮುನಿಸು. ಎರಡೂ ಸಾಲು ತುಂಬಿದಮೇಲೆ ಕಂಡಿತು: ಅವಳು ಹುಟ್ಟುವ ಹನ್ನೊಂದು ದಿನ ಮೊದಲು ಕರಂಜಾ ಮುಂಬೈ ಬಿಟ್ಟಿತ್ತು. ನೋಟ್‌ಬುಕ್ ಹಿಡಿದುಕೊಂಡು ಹೋಗಿ ತೋರಿಸಿದೆ. ಕನ್ನಡಕ ಏರಿಸಿ ಎಡಗಡೆಯ ಸಾಲನ್ನೂ ಬಲಗಡೆಯ ಸಾಲನ್ನೂ ಓದಿದಳು.

"ಹೋದದ್ದು ನಂಗೂ ಗೊತ್ತಿತ್ತು. ತಿರುಗಿ ಬಂದದ್ದು ಯಾವಾಗ, ಅದು ನೋಡು," ಅಂದಳು.

'ಬಂದವು' ಭಾಗ ನೋಡುತ್ತಿದ್ದೇನೆ. ಆ ಎರಡು ತಿಂಗಳ ಪುಟಗಳ ಅಚ್ಚು ಮಸುಕಾಗಿದೆ, ಯಂತ್ರ ಕರಂಜಾವನ್ನು ಏನೇನೋ ಅಂತ ಓದಿದೆ. ಒಂದೊಂದೇ ಪುಟ ತೆರೆದು ಕಣ್ಣಿನಲ್ಲೇ ಹುಡುಕಬೇಕು.